ಡಿಸ್ಕ್‌ನಿಂದ ಏಳದ ಪಿಡಿಪಿ-11/23: ಪ್ಯಾಕ್ ಹಾಕುವ ಮುಂಚೆ ನೋಡಬೇಕಾದ್ದು

ಸ್ವಿಚ್ ಹಾಕಿದ್ದೀರಿ. ಫ್ಯಾನ್ ಭರ್ರೆಂದಿದೆ, ಡ್ರೈವ್ ತಿರುಗಿದೆ, ಆದರೆ ಟರ್ಮಿನಲ್ ಮೇಲೆ ಒಂದು @ ಗುರುತು ಬಿಟ್ಟರೆ ಬೇರೇನೂ ಇಲ್ಲ. ಕೆಲವೊಮ್ಮೆ ಅದೂ ಇಲ್ಲ. ಹಳೆಯ ಮಿನಿಕಂಪ್ಯೂಟರ್ ಮನೆಗೆ ತಂದವರೆಲ್ಲ ಒಂದಲ್ಲ ಒಂದು ದಿನ ಇಲ್ಲಿ ಬಂದು ನಿಂತವರೇ. ಆಗ ಎಲ್ಲರ ಬಾಯಲ್ಲೂ ಬರುವ ಮೊದಲ ಮಾತು "ಡಿಸ್ಕ್ ಹೋಗಿರಬೇಕು". ನನ್ನ ಅನುಭವದಲ್ಲಿ ಡಿಸ್ಕ್ ಹೋಗಿರುವುದು ಕಡಿಮೆ. ಡಿಸ್ಕ್ ಹೋಗಿದೆ ಅಂದುಕೊಂಡು ನಾವೇ ಅದನ್ನು ಕೆಡಿಸುವುದು ಜಾಸ್ತಿ.

ಇಲ್ಲಿ ಹೇಳುತ್ತಿರುವುದು ಡಿಜಿಟಲ್ ಎಕ್ವಿಪ್‌ಮೆಂಟ್ ಕಂಪನಿಯ ಪಿಡಿಪಿ-11/23 ಮತ್ತು ಅದಕ್ಕೆ ಜೋಡಿಸುವ ಆರ್‌ಎಲ್02 ಡಿಸ್ಕ್ ಡ್ರೈವ್ ಬಗ್ಗೆ. ಈ ಕಂಪನಿ ಮ್ಯಾಸಚೂಸೆಟ್ಸ್‌ನ ಮೇನಾರ್ಡ್ ಊರಿನ ಒಂದು ಹಳೆಯ ಉಣ್ಣೆ ಗಿರಣಿಯಲ್ಲಿ ಶುರುವಾದದ್ದು. ಪಿಡಿಪಿ-11 ಸರಣಿ 1970ರಲ್ಲಿ ಬಂತು, 11/23 ಬಂದದ್ದು 1979ರಲ್ಲಿ. ಆರ್‌ಎಲ್02ಗೆ ಹಾಕಿ ತೆಗೆಯುವ ಡಿಸ್ಕ್ ಡಬ್ಬಿಗೆ ಪ್ಯಾಕ್ ಅಂತ ಹೆಸರು, ಒಂದು ಪ್ಯಾಕ್‌ನಲ್ಲಿ ಒಂದೇ ತಟ್ಟೆ, ದೋಸೆ ಕಾವಲಿಯಷ್ಟು ಅಗಲ. 512 ಸಿಲಿಂಡರ್, ಎರಡು ಮುಖ, ಪ್ರತಿ ಟ್ರ್ಯಾಕ್‌ಗೆ 256 ಬೈಟಿನ 40 ಸೆಕ್ಟರ್. ಗುಣಿಸಿ ನೋಡಿದರೆ ಸುಮಾರು 10 ಮೆಗಾಬೈಟ್, ಇವತ್ತು ಫೋನಿನಲ್ಲಿ ತೆಗೆದ ಎರಡು ಮೂರು ಫೋಟೋಗೆ ಸಾಕಾಗುವಷ್ಟು.

ಆ ತಟ್ಟೆಯ ಬಗ್ಗೆ ಒಂದು ವಿಷಯ ಮೊದಲೇ ತಿಳಿದಿರಬೇಕು. ಓದಿ ಬರೆಯುವ ಹೆಡ್ ಯಾವ ಟ್ರ್ಯಾಕ್ ಮೇಲಿದೆ ಅಂತ ಹೇಳುವ ಸರ್ವೋ ಗುರುತುಗಳು ಡೇಟಾ ಇರುವ ಅದೇ ತಟ್ಟೆಯ ಮೇಲೆ, ಕಾರ್ಖಾನೆಯಲ್ಲೇ ಬರೆದವು. ಅವು ಅಳಿಸಿದರೆ ನಿಮ್ಮ ಡ್ರೈವ್ ಅವನ್ನು ಮತ್ತೆ ಬರೆಯಲಾರದು. ಫ್ಲಾಪಿ ಥರ ಫಾರ್ಮ್ಯಾಟ್ ಮಾಡಿ ಪಾರಾಗುವ ದಾರಿಯಿಲ್ಲ. ಹಾಗಾಗಿ ನನ್ನ ಕ್ರಮ ಇಷ್ಟೆ: ಕರೆಂಟ್, ಸಿಪಿಯು, ಮೆಮೊರಿ, ಡ್ರೈವನ್ನು ನಡೆಸುವ ಕಂಟ್ರೋಲರ್ ಬೋರ್ಡ್, ಡ್ರೈವ್ ಎಲ್ಲ ನೋಡಿಯಾದ ಮೇಲೆ ಕೊನೆಗೆ ಒಳ್ಳೆಯ ಪ್ಯಾಕ್.

ಸ್ವಿಚ್ ಹಾಕುವ ಮುಂಚೆ

ವರ್ಷಗಟ್ಟಲೆ ಮೂಲೆಯಲ್ಲಿದ್ದ ಯಂತ್ರವಾದರೆ ತಂದ ದಿನವೇ ಪ್ಲಗ್ ಸಿಕ್ಕಿಸಬೇಡಿ. ಅಮೆರಿಕದಿಂದ ಭಾರತಕ್ಕೆ ತಂದದ್ದಾದರೆ ಡ್ರೈವ್ ಮತ್ತು ಸಿಪಿಯು ಪೆಟ್ಟಿಗೆ ಎರಡರಲ್ಲೂ ವೋಲ್ಟೇಜ್ ಆಯ್ಕೆ 115ಕ್ಕೆ ಇದೆಯೋ 230ಕ್ಕೆ ಇದೆಯೋ ನೋಡಿ. ಹೊರಗಿನ ಚೀಟಿಯನ್ನು ನಂಬಬೇಡಿ, ಒಳಗಿನ ಜೋಡಣೆಯನ್ನೇ ನೋಡಿ. ಚೀಟಿ ಅಂಟಿಸಿದ ಮೇಲೆ ಯಾರೋ ಬದಲಾಯಿಸಿರಬಹುದು.

ಪವರ್ ಸಪ್ಲೈ ಒಳಗಿನ ದೊಡ್ಡ ಕೆಪಾಸಿಟರ್‌ಗಳು ಪ್ಲಗ್ ಕಿತ್ತ ಮೇಲೂ ಚಾರ್ಜ್ ಹಿಡಿದುಕೊಂಡಿರುತ್ತವೆ. ಸ್ವಿಚಿಂಗ್ ಸಪ್ಲೈನಲ್ಲಿ ಅದು ಜೀವ ತೆಗೆಯುವಷ್ಟು ವೋಲ್ಟೇಜ್. ಮೀಟರ್ ಇಟ್ಟು ಸೊನ್ನೆ ಕಾಣುವವರೆಗೆ ಕೈ ಹಾಕಬೇಡಿ. ಮೇನ್ಸ್ ಕಡೆಯ ಕೆಲಸ ಮಾಡಿ ಗೊತ್ತಿಲ್ಲದವರು ಪವರ್ ಸಪ್ಲೈ ಬಿಚ್ಚದೆ, ಟಿವಿ ಅಥವಾ ಯುಪಿಎಸ್ ರಿಪೇರಿ ಮಾಡಿ ಪಳಗಿದವರಿಗೆ ಕೊಡಿ. ಇದರಲ್ಲಿ ನಾಚಿಕೆ ಪಡುವಂಥದ್ದೇನಿಲ್ಲ.

ಆರ್‌ಎಲ್02 ಮೂವತ್ತು ಕಿಲೋ ಮೀರಿದ ಸಾಮಾನು. ರ‍್ಯಾಕ್‌ನಿಂದ ಮುಂದಕ್ಕೆ ಎಳೆಯುವ ಮೊದಲು ರ‍್ಯಾಕ್‌ನ ಕಾಲು ಹೊರಗೆ ಎಳೆದಿಡಿ. ಇಲ್ಲದಿದ್ದರೆ ರ‍್ಯಾಕ್ ಸಮೇತ ಮೈಮೇಲೆ ಬೀಳುತ್ತದೆ. ಸಾಗಿಸುವಾಗ ಹೆಡ್ ಕದಲದಂತೆ ಒಳಗೆ ಹಾಕಿರುವ ಲಾಕ್ ಬಿಡಿಸಿದ್ದೀರಾ ಅಂತಲೂ ಆಗಲೇ ನೋಡಿಬಿಡಿ.

ಟರ್ಮಿನಲ್ ಮೇಲೆ ಏನೂ ಇಲ್ಲ, @ ಕೂಡ ಇಲ್ಲ

ಇದಕ್ಕೂ ಡಿಸ್ಕ್‌ಗೂ ಸಂಬಂಧವೇ ಇಲ್ಲ. ಡ್ರೈವ್‌ನ ಪ್ಲಗ್ ಕಿತ್ತಿಟ್ಟು ಸಿಪಿಯು ಕಡೆ ಗಮನ ಕೊಡಿ.

ಮುಂದಿನ ಫಲಕದಲ್ಲಿ ಪವರ್ ಓಕೆ ದೀಪ ಹತ್ತಿದೆಯೇ? ಇಲ್ಲದಿದ್ದರೆ ಬೋರ್ಡುಗಳೆಲ್ಲ ಕೂರುವ ಬ್ಯಾಕ್‌ಪ್ಲೇನ್ ಮೇಲೆ 5 ವೋಲ್ಟ್ ಮತ್ತು 12 ವೋಲ್ಟ್ ಅಳೆಯಿರಿ. 5 ಅಂದರೆ 4.75ರಿಂದ 5.25ರೊಳಗೆ, 12 ಅಂದರೆ 11.4ರಿಂದ 12.6ರೊಳಗೆ. ಮೀಟರ್ ಸರಿಯಾಗಿ ತೋರಿಸಿದರೂ ಯಂತ್ರ ತಡವರಿಸುತ್ತಿದ್ದರೆ ಆಸಿಲೋಸ್ಕೋಪ್ ಇಟ್ಟು ನೋಡಿ. ಒಣಗಿದ ಕೆಪಾಸಿಟರ್‌ಗಳು ಅಲುಗುವ ವೋಲ್ಟೇಜ್ ಕೊಡುತ್ತವೆ, ಮೀಟರ್ ಅದರ ಸರಾಸರಿಯನ್ನಷ್ಟೇ ತೋರಿಸಿ ನಮ್ಮನ್ನು ಯಾಮಾರಿಸುತ್ತದೆ.

ವೋಲ್ಟೇಜ್ ಸರಿಯಿದ್ದರೆ ಸೀರಿಯಲ್ ಕೇಬಲ್. ಬಾಡ್ ರೇಟ್, ಅಂದರೆ ಅಕ್ಷರ ಕಳಿಸುವ ವೇಗ, ತಪ್ಪಿದ್ದರೆ ಕಸದಂಥ ಅಕ್ಷರಗಳು ಬರುತ್ತವೆ, ಕಳಿಸುವ ಮತ್ತು ಪಡೆಯುವ ತಂತಿ ಅದಲುಬದಲಾಗಿದ್ದರೆ ಏನೂ ಬರುವುದಿಲ್ಲ. ಕಸ ಬಂದರೆ ಖುಷಿಪಡಿ, ಸಿಪಿಯು ಬದುಕಿದೆ ಅಂತ ಅರ್ಥ.

ಆಮೇಲೆ ಬೋರ್ಡುಗಳು. ಕರೆಂಟ್ ತೆಗೆದು ಒಂದೊಂದನ್ನೇ ಹೊರಗೆಳೆದು, ಬಂಗಾರದ ಲೇಪದ ಅಂಚನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ ವಾಪಸ್ ಕೂರಿಸಿ. ಸುಮ್ಮನೆ ಕಿತ್ತು ಕೂರಿಸಿದ್ದರಿಂದಲೇ ಎದ್ದ ಯಂತ್ರಗಳು ಬೇಕಾದಷ್ಟಿವೆ. ಒಂದೇ ಎಚ್ಚರ: ಈ ಬೋರ್ಡುಗಳು ತಿರುವುಮುರುವಾಗಿಯೂ ಒಳಗೆ ಹೋಗಿಬಿಡುತ್ತವೆ. ಹಾಗೆ ಹಾಕಿ ಸ್ವಿಚ್ ಒತ್ತಿದರೆ ಬೋರ್ಡ್ ಸುಟ್ಟೇ ಹೋಗುತ್ತದೆ. ತೆಗೆಯುವ ಮುಂಚೆ ಫೋಟೋ ತೆಗೆದಿಟ್ಟುಕೊಳ್ಳಿ.

ಸಿಪಿಯು, ಮೆಮೊರಿ, ಸೀರಿಯಲ್, ಬೂಟ್ ಬೋರ್ಡ್ ಇಷ್ಟೇ ಇಟ್ಟರೂ @ ಬರದಿದ್ದರೆ ನೀವೊಬ್ಬರೇ ಇನ್ನು ಹೆಚ್ಚು ಹೆಣಗಬೇಡಿ. ಇಂಥದೇ ಇನ್ನೊಂದು ಯಂತ್ರ ಇಟ್ಟುಕೊಂಡವರ ಹತ್ತಿರ ಬೋರ್ಡ್ ಬದಲಿಸಿ ನೋಡುವುದೇ ಹತ್ತಿರದ ದಾರಿ.

@ ಬಂದು ಅಲ್ಲೇ ನಿಂತಿದೆ

ಮೊದಲು ಫಲಕದ ಹಾಲ್ಟ್ ಸ್ವಿಚ್ ನೋಡಿ. ನಗಬೇಡಿ. ಕಂಟ್ರೋಲರ್ ಬೋರ್ಡನ್ನು ಎರಡು ವಾರಾಂತ್ಯ ಭೂತಗನ್ನಡಿ ಹಿಡಿದು ಹುಡುಕಿದ ಮೇಲೆ, ಒರೆಸುವ ಬಟ್ಟೆ ತಾಗಿ ಹಾಲ್ಟ್ ಕಡೆ ವಾಲಿದ್ದ ಆ ಪುಟ್ಟ ಸ್ವಿಚ್ ನನಗೆ ಕಂಡದ್ದು. ಬೆಟ್ಟ ಅಗೆದು ಇಲಿ ಹಿಡಿದ ಕತೆ. ಹಾಲ್ಟ್‌ನಲ್ಲಿದ್ದರೆ ಸಿಪಿಯು ಬೂಟ್ ಪ್ರೋಗ್ರಾಮ್ ಓಡಿಸುವುದೇ ಇಲ್ಲ, ನೇರ @ಗೆ ಬಂದು ಕೂರುತ್ತದೆ.

ಸ್ವಿಚ್ ಸರಿಯಿದ್ದರೆ 773000 ಹೊಡೆದು ಅದರ ಬೆನ್ನಿಗೆ ಇಂಗ್ಲಿಷಿನ 'ಜಿ' ಅಕ್ಷರ ಒತ್ತಿ. ಬೂಟ್ ಬೋರ್ಡ್‌ನ ಪ್ರೋಗ್ರಾಮ್ ಅಲ್ಲಿಂದ ಶುರುವಾಗುತ್ತದೆ. ಯಾವ ಸಾಧನ ಅಂತ ಕೇಳಿದರೆ ಡಿ, ಎಲ್, ಸೊನ್ನೆ. ಆರ್‌ಎಲ್ ಡ್ರೈವ್‌ಗಳಿಗೆ ಡಿಎಲ್ ಅಂತಲೇ ಹೆಸರು. ತಕ್ಷಣ ಮತ್ತೆ @ ಬಂದರೆ ಅದರ ಹಿಂದೆ ಬಿದ್ದಿರುವ ಸಂಖ್ಯೆ ಬರೆದುಕೊಳ್ಳಿ, ಸಿಪಿಯು ಎಲ್ಲಿ ನಿಂತಿತು ಅನ್ನುವುದನ್ನು ಅದು ಹೇಳುತ್ತದೆ. ಬೂಟ್ ಬೋರ್ಡ್ ಅಂಚಿನ ಕೆಂಪು ದೀಪಗಳಲ್ಲಿ ಯಾವುದು ಹತ್ತಿದೆ, ಯಾವುದು ಆರಿದೆ ಅಂತಲೂ ಗುರುತು ಮಾಡಿಕೊಳ್ಳಿ. ಅದರ ಅರ್ಥ ಬೋರ್ಡಿನ ಕೈಪಿಡಿಯಲ್ಲಿದೆ, ಬಿಟ್‌ಸೇವರ್ಸ್ ಎಂಬ ಅಂತರ್ಜಾಲ ಸಂಗ್ರಹದಲ್ಲಿ ಈ ಕೈಪಿಡಿಗಳ ಸ್ಕ್ಯಾನ್ ಸಿಗುತ್ತವೆ.

ಈ @ ಇರುವುದು ನಮ್ಮ ಭಾಗ್ಯ. ಇದು ಸಿಪಿಯು ಒಳಗೇ ಇರುವ ಓಡಿಟಿ ಎಂಬ ಪುಟ್ಟ ಪರೀಕ್ಷಾ ಪ್ರೋಗ್ರಾಮ್‌ನ ಗುರುತು. ಯಾವ ವಿಳಾಸವನ್ನಾದರೂ ತೆರೆದು ನೋಡಬಹುದು, ಹೊಸ ಸಂಖ್ಯೆ ತುಂಬಬಹುದು. ವಿಳಾಸ ಹೊಡೆದು / ಒತ್ತಿದರೆ ಒಳಗಿರುವುದು ಕಾಣುತ್ತದೆ, ಪಕ್ಕದಲ್ಲಿ ಹೊಸದನ್ನು ಹೊಡೆದು ರಿಟರ್ನ್ ಒತ್ತಿದರೆ ಅದು ಕೂರುತ್ತದೆ. ಎಲ್ಲವೂ ಆಕ್ಟಲ್, ಅಂದರೆ 8 ಮತ್ತು 9 ಇಲ್ಲದ ಲೆಕ್ಕ. ಮೊದಲು ಮೆಮೊರಿಯ ಒಂದೆರಡು ಕಡೆ 125252 ತುಂಬಿ ಓದಿ, ಆಮೇಲೆ 052525. ತುಂಬಿದ್ದೇ ವಾಪಸ್ ಬರಬೇಕು. ಒಂದೇ ಅಂಕಿ ಪ್ರತಿ ಸಲ ತಪ್ಪಿದರೂ ಮೆಮೊರಿ ಬೋರ್ಡ್ ಸರಿಮಾಡದೆ ಡಿಸ್ಕ್ ಕಡೆ ಹೋಗಬೇಡಿ.

ಇನ್ನು ಕಂಟ್ರೋಲರ್:

@774400/

ಇದು ಆರ್‌ಎಲ್ ಕಂಟ್ರೋಲರ್‌ನ ಮೊದಲ ರಿಜಿಸ್ಟರ್, ಅಂದರೆ ಆಜ್ಞೆ ಮತ್ತು ಸ್ಥಿತಿ ಇಡುವ ಪುಟ್ಟ ಮನೆ. ಪ್ರಶ್ನಾರ್ಥಕ ಚಿಹ್ನೆ ಬಂದರೆ ಆ ವಿಳಾಸದಲ್ಲಿ ಯಾರೂ ಇಲ್ಲ: ಬೋರ್ಡ್ ಸರಿ ಕೂತಿಲ್ಲ, ವಿಳಾಸದ ಜಂಪರ್ ಬದಲಾಗಿದೆ, ಇಲ್ಲವೇ ಬೋರ್ಡ್ ಸತ್ತಿದೆ. 000200 ಬಂದರೆ ಕಂಟ್ರೋಲರ್ ತಯಾರು, ಡ್ರೈವ್ ತಯಾರಿಲ್ಲ. 000201 ಬಂದರೆ ಎರಡೂ ತಯಾರು.

ಡ್ರೈವ್ ರೆಡಿ ಆಗುತ್ತಿಲ್ಲ

ಬರೆಯಲು ಅಡ್ಡಿಯಿಲ್ಲದ, ಹೋದರೂ ಅಳಲಾರದಂಥ ಒಂದು ಹಳೆಯ ಪ್ಯಾಕ್ ಇಟ್ಟುಕೊಂಡು ಇದನ್ನು ಮಾಡಿ. ಇಪ್ಪತ್ತು ವರ್ಷದ ಹಿಂದಿನ ಡೇಟಾ ಇರುವ ಪ್ಯಾಕ್ ಬೀರುವಿನಲ್ಲೇ ಇರಲಿ.

ಸರಿಯಿರುವ ಡ್ರೈವ್ ಹೀಗೆ ನಡೆದುಕೊಳ್ಳುತ್ತದೆ. ಲೋಡ್ ದೀಪ ಹತ್ತಿದಾಗ ಮುಚ್ಚಳ ತೆರೆಯಬಹುದು. ಪ್ಯಾಕ್ ಇಟ್ಟು, ಮುಚ್ಚಿ, ಲೋಡ್ ಒತ್ತಿದರೆ ದೀಪ ಆರುತ್ತದೆ. ತಟ್ಟೆ ಮೆಲ್ಲಗೆ ವೇಗ ಹಿಡಿದು ನಿಮಿಷಕ್ಕೆ 2400 ಸುತ್ತಿಗೆ ಬರುತ್ತದೆ, ಸದ್ದು ಏರುತ್ತಾ ಹೋಗಿ ಒಂದು ಶ್ರುತಿಗೆ ನಿಲ್ಲುತ್ತದೆ. ಮುಕ್ಕಾಲು ನಿಮಿಷದ ಹೊತ್ತಿಗೆ ಒಳಗೆ "ಟಕ್" ಅಂತ ಹೆಡ್ ಮುಂದೆ ಬಂದ ಸದ್ದು, ಹಿಂದೆಯೇ ರೆಡಿ ದೀಪ. ನಾಲ್ಕಾರು ಸಲ ಕೇಳಿದರೆ ಈ ಸದ್ದು ಕಿವಿಗೆ ಅಂಟುತ್ತದೆ, ಆಮೇಲೆ ಪಕ್ಕದ ಕೋಣೆಯಿಂದಲೇ ತಪ್ಪು ಗೊತ್ತಾಗುತ್ತದೆ.

ಮುಚ್ಚಳ ತೆಗೆಯಲು ಬರುತ್ತಿಲ್ಲವೇ? ಎಳೆದಾಡಬೇಡಿ. ಡ್ರೈವ್‌ಗೆ ಕರೆಂಟ್ ಇಲ್ಲದಿದ್ದರೆ ಮುಚ್ಚಳ ಬಿಡುವುದೇ ಇಲ್ಲ, ತಟ್ಟೆ ತಿರುಗುವಾಗ ಯಾರೂ ತೆರೆಯದಿರಲಿ ಅಂತ ಮಾಡಿದ ವ್ಯವಸ್ಥೆ ಅದು.

ಸದ್ದೆಲ್ಲ ಸರಿಯಾಗಿ ಬಂದು ರೆಡಿ ಮಾತ್ರ ಹತ್ತದಿದ್ದರೆ ಬಲ್ಬ್ ಬದಲಿಸಿ ನೋಡಿ. ಹಳೆಯ ತಂತಿ ಬಲ್ಬುಗಳು, ಸುಟ್ಟಿರುವುದೇ ಹೆಚ್ಚು. ಆ ರೆಡಿ ದೀಪದ ಮುಚ್ಚಳವೇ ಡ್ರೈವ್‌ನ ಸಂಖ್ಯೆಯೂ ಹೌದು. ಅದರ ಮೇಲೆ 0, 1, 2, 3ರಲ್ಲಿ ಒಂದು ಅಂಕಿ ಇರುತ್ತದೆ. ಒಂದು ಅಂತ ಇರುವ ಮುಚ್ಚಳ ಹಾಕಿಟ್ಟು ಸೊನ್ನೆಯಿಂದ ಬೂಟ್ ಮಾಡಲು ಹೋದರೆ ಯಾರು ಓಗೊಡುತ್ತಾರೆ?

ಪ್ಯಾಕ್‌ನ ಮೇಲಿನ ಹೆಸರನ್ನೂ ಓದಿ. ಆರ್‌ಎಲ್01 ಮತ್ತು ಆರ್‌ಎಲ್02 ಪ್ಯಾಕ್ ನೋಡಲು ಅವಳಿ ಮಕ್ಕಳು, ಎರಡೂ ಡ್ರೈವ್‌ಗೆ ಕೂರುತ್ತವೆ. ಆದರೆ 01ರಲ್ಲಿ ಟ್ರ್ಯಾಕ್ ಅರ್ಧಕ್ಕರ್ಧ ಕಡಿಮೆ, ಒಂದರ ಪ್ಯಾಕ್ ಇನ್ನೊಂದರಲ್ಲಿ ಓದುವುದಿಲ್ಲ.

ಫಾಲ್ಟ್ ದೀಪ ಹತ್ತಿದೆ

ಮೊದಲು ಕೇಬಲ್. ಕಂಟ್ರೋಲರ್‌ನಿಂದ ಡ್ರೈವ್‌ವರೆಗಿನ ಕೇಬಲ್ ಎರಡೂ ತುದಿ ಗಟ್ಟಿಯಾಗಿ ಕೂತಿರಬೇಕು, ಸಾಲಿನ ಕೊನೆಯ ಡ್ರೈವ್‌ಗೆ ಕೇಬಲ್ ಸಾಲನ್ನು ಮುಗಿಸುವ ಟರ್ಮಿನೇಟರ್ ಇರಬೇಕು. ಒಂದೇ ಡ್ರೈವ್ ಇದ್ದರೂ ಟರ್ಮಿನೇಟರ್ ಬೇಕು. ಸಿಪಿಯು ಸ್ವಿಚ್ ಆಫ್ ಇಟ್ಟು ಡ್ರೈವ್ ಒಂದನ್ನೇ ಆನ್ ಮಾಡಿ "ಫಾಲ್ಟ್ ಬಂತು" ಅಂತ ಗಾಬರಿಯಾಗುವವರಿದ್ದಾರೆ. ಎರಡನ್ನೂ ಆನ್ ಮಾಡಿ ನೋಡಿ.

ಆಮೇಲೆ ಡ್ರೈವ್‌ನ ಬಾಯಿಂದಲೇ ಕೇಳಬಹುದು. 774404ಕ್ಕೆ 13 ತುಂಬಿ, 774400ಕ್ಕೆ 4 ತುಂಬಿ, 774406 ತೆರೆಯಿರಿ:

@774404/ 000000 13
@774400/ 000201 4
@774406/ 000235

235 ಬಂದರೆ ಆರ್‌ಎಲ್02 ಆರೋಗ್ಯವಾಗಿದೆ. ಕೊನೆಯ 5 ಅಂದರೆ ಹೆಡ್ ಟ್ರ್ಯಾಕ್ ಮೇಲೆ ನೆಲೆನಿಂತಿದೆ. ಅಲ್ಲಿ 0 ಇದ್ದರೆ ಇನ್ನೂ ಪ್ಯಾಕ್‌ಗೆ ಕಾಯುತ್ತಿದೆ, 1 ಇದ್ದರೆ ವೇಗ ಹಿಡಿಯುತ್ತಿದೆ, 3 ಇದ್ದರೆ ಹೆಡ್ ಮುಂದೆ ತರುತ್ತಿದೆ. ಮೂರರಲ್ಲೇ ಸಿಕ್ಕಿಕೊಂಡಿದ್ದರೆ ಸಾಗಿಸುವ ಲಾಕ್ ಬಿಡಿಸಿಲ್ಲವೇನೋ ನೋಡಿ.

13ರ ಬದಲು 3 ತುಂಬಿದರೆ ಹಳೆಯ ದೋಷ ಅಳಿಸದೆ ಓದುತ್ತದೆ. ಆಗ ಎಡಗಡೆ ಅಂಕಿಗಳು ಮಾತಾಡುತ್ತವೆ. 001000 ಸೇರಿದ್ದರೆ ಹೆದರಬೇಡಿ, ಹೊಸದಾಗಿ ಪ್ಯಾಕ್ ಹಾಕಿದಾಗೆಲ್ಲ ಅದು ಬರುತ್ತದೆ. 004000 ಅಂದರೆ ತಟ್ಟೆಯ ವೇಗ ಸರಿಯಿಲ್ಲ. 010000 ಅಂದರೆ ಹೆಡ್ ಹೊತ್ತಿಗೆ ಸರಿಯಾಗಿ ಜಾಗ ಸೇರಲಿಲ್ಲ. 040000 ಕಂಡರೆ ಅಲ್ಲೇ ನಿಲ್ಲಿಸಿ: ಬರೆಯಲು ಯಾರೂ ಹೇಳದಿದ್ದರೂ ಹೆಡ್‌ನಲ್ಲಿ ಕರೆಂಟ್ ಹರಿಯುತ್ತಿದೆ ಅಂತ ದೂರು ಅದು. ಅಂಥ ಡ್ರೈವ್ ಓದುವ ನೆಪದಲ್ಲಿ ಸರ್ವೋ ಗುರುತನ್ನೇ ಅಳಿಸಿಹಾಕಬಹುದು. ಆ ಡ್ರೈವ್‌ಗೆ ಇನ್ನೊಂದು ಪ್ಯಾಕ್ ಹಾಕುವ ಮುಂಚೆ ಎಲೆಕ್ಟ್ರಾನಿಕ್ಸ್ ಬಲ್ಲವರಿಗೆ ತೋರಿಸಿ.

ಕೇಳಿದ್ದಕ್ಕೆ ಉತ್ತರವೇ ಇಲ್ಲದೆ 774400ರಲ್ಲಿ 102204 ಕಂಡರೆ ಡ್ರೈವ್‌ಗೆ ಮಾತು ತಲುಪಿಲ್ಲ. ಮತ್ತೆ ಕೇಬಲ್, ಮತ್ತೆ ಆ ಅಂಕಿಯ ಮುಚ್ಚಳ.

ಕಿರ್ರ್ ಅಂತ ಸದ್ದು, ಇಲ್ಲವೇ ಸುಟ್ಟ ವಾಸನೆ

ಲೋಡ್ ಬಟನ್ ಹೊರಗೆ ಬಿಡಿ, ತಟ್ಟೆ ನಿಲ್ಲುವವರೆಗೆ ಕಾಯಿರಿ. "ಇನ್ನೊಂದು ಸಲ ನೋಡೋಣ" ಬೇಡ. ಸೀಮೆಸುಣ್ಣ ಹಲಗೆಗೆ ಉಜ್ಜಿದಂಥ ಅಥವಾ ಸಣ್ಣ ಗಂಟೆ ಟಿಣ್ ಅಂದಂಥ ಸದ್ದು ಹೆಡ್ ತಟ್ಟೆಗೆ ತಾಗಿದ ಗುರುತು.

ಕರೆಂಟ್ ತೆಗೆದು, ಪ್ಯಾಕ್ ಆಚೆ ಇಟ್ಟು, ದಂತವೈದ್ಯರ ಪುಟ್ಟ ಕನ್ನಡಿ ಮತ್ತು ಟಾರ್ಚ್ ಹಿಡಿದು ಹೆಡ್‌ನ ಮುಖ ನೋಡಿ. ಹೊಳೆಯುತ್ತಿರಬೇಕು. ಕಂದು ಪುಡಿ ಅಂಟಿದ್ದರೆ ಅದು ತಟ್ಟೆಯ ಮೇಲಿನ ಆಕ್ಸೈಡ್. ನೂಲು ಬಿಡದ ಬಟ್ಟೆಗೆ 99 ಶೇಕಡಾ ಐಸೊಪ್ರೊಪೈಲ್ ಹಾಕಿ ಮೆತ್ತಗೆ ಒರೆಸಿದರೆ ಪುಡಿ ಹೋಗುತ್ತದೆ. ಉಗುರಿಗೆ ಗೀರು ಸಿಕ್ಕಿದರೆ ಆ ಹೆಡ್ ಮುಗಿಯಿತು. ಹೆಡ್ ಓಡಾಡಿಸುವ ಮೋಟಾರ್‌ನ ಅಯಸ್ಕಾಂತ ಬಲವಾದದ್ದು, ಸ್ಕ್ರೂಡ್ರೈವರ್ ಕೈಯಿಂದ ಕಿತ್ತುಕೊಂಡು ಹೋಗುತ್ತದೆ. ಕರೆಂಟ್ ಇರುವಾಗಂತೂ ಅಲ್ಲಿ ಬೆರಳು ಇಡಲೇಬೇಡಿ.

ಇಲ್ಲಿ ಆಗುವ ಅನಾಹುತ ಸಾಂಕ್ರಾಮಿಕ. ಗೀರಿದ ಪ್ಯಾಕ್ ಒಳ್ಳೆಯ ಡ್ರೈವ್‌ನ ಹೆಡ್ ಕೆಡಿಸುತ್ತದೆ, ಆ ಹೆಡ್ ಮುಂದಿನ ಒಳ್ಳೆಯ ಪ್ಯಾಕ್ ಕೆಡಿಸುತ್ತದೆ. ಪ್ಯಾಕ್ ಕೆಟ್ಟಿದೆಯೋ ಡ್ರೈವ್ ಕೆಟ್ಟಿದೆಯೋ ತಿಳಿಯಲು ಪ್ಯಾಕನ್ನು ಬೇರೆ ಡ್ರೈವ್‌ಗೆ ಹಾಕಿ ನೋಡುವುದು ಬೇರೆ ಎಲ್ಲ ಕಡೆ ಬುದ್ಧಿವಂತಿಕೆ, ಇಲ್ಲಿ ಮಾತ್ರ ಅಲ್ಲ. ಗೆಳೆಯರ ಡ್ರೈವ್ ಕೇಳಬೇಡಿ, ನಿಮ್ಮದನ್ನೂ ಕೊಡಬೇಡಿ.

ಹೆಡ್ ತಾಗಲು ಮುಖ್ಯ ಕಾರಣ ಧೂಳು. ಗಾಳಿ ಹೋಗುವ ದಾರಿಯಲ್ಲಿ ಸ್ಪಂಜಿನಂಥ ಫೋಮ್ ಇರುತ್ತದೆ. ನಲವತ್ತು ವರ್ಷಕ್ಕೆ ಅದು ಮುಟ್ಟಿದರೆ ಉದುರುವ ಪುಡಿಯೋ ಬೆಲ್ಲದ ಪಾಕದಂಥ ಅಂಟೋ ಆಗಿರುತ್ತದೆ. ಡ್ರೈವ್ ಮನೆಗೆ ಬಂದ ದಿನವೇ ಅದನ್ನು ಕೆರೆದು ತೆಗೆದು ಹೊಸದು ಹಾಕುವುದು ಬೂಟ್ ಆಗದ ತಲೆನೋವಿಗಿಂತ ಮೊದಲ ಕೆಲಸ.

235 ಬರುತ್ತದೆ, ಓದಲು ಹೋದರೆ ಸಿಕ್ಕಿಕೊಳ್ಳುತ್ತದೆ

ನನಗೆ ಹೆಚ್ಚು ಇಷ್ಟವಾದ ದೋಷ ಇದು. ಎಲ್ಲ ದೀಪ ಸರಿ, ಸ್ಥಿತಿ ಕೇಳಿದರೆ ಸರಿ, ಬೂಟ್ ಮಾತ್ರ ಇಲ್ಲ.

ಸ್ಥಿತಿ ಕೇಳುವಾಗ ಸಿಪಿಯು ತಾನೇ ಹೋಗಿ ರಿಜಿಸ್ಟರ್ ಓದುತ್ತದೆ. ಡೇಟಾ ಓದುವಾಗ ಹಾಗಲ್ಲ, ಕಂಟ್ರೋಲರ್ ಬಸ್ಸನ್ನು, ಅಂದರೆ ಬೋರ್ಡುಗಳೆಲ್ಲ ಹಂಚಿಕೊಳ್ಳುವ ತಂತಿಗಳ ಸಾಲನ್ನು, ತನ್ನ ಕೈಗೆ ತೆಗೆದುಕೊಂಡು ನೇರ ಮೆಮೊರಿಗೆ ತುಂಬುತ್ತದೆ. ಅದಕ್ಕೆ ಸಿಪಿಯುವಿನ ಅನುಮತಿ ಬೇಕು. ಆ ಅನುಮತಿ ಪಂಕ್ತಿಯಲ್ಲಿ ಕೈಯಿಂದ ಕೈಗೆ ಪಾತ್ರೆ ದಾಟಿಸಿದಂತೆ ಬೋರ್ಡಿನಿಂದ ಬೋರ್ಡಿಗೆ ಸಾಗುತ್ತದೆ. ನಡುವೆ ಒಂದು ಸ್ಲಾಟ್ ಖಾಲಿಯಿದ್ದರೆ ಅಲ್ಲಿಗೇ ನಿಂತಿತು. ಒರೆಸಲು ಬೋರ್ಡ್ ತೆಗೆದವರು ವಾಪಸ್ ಹಾಕುವಾಗ ಒಂದು ಸ್ಲಾಟ್ ಬಿಟ್ಟು ಹಾಕಿದರೆ ಇದೇ ಆಗುವುದು. ನಾನೂ ಮಾಡಿದ್ದೇನೆ. ಬೋರ್ಡುಗಳನ್ನು ಒತ್ತೊತ್ತಾಗಿ ಜೋಡಿಸಿ, ಇಲ್ಲವೇ ಖಾಲಿ ಜಾಗಕ್ಕೆ ಅನುಮತಿಯನ್ನು ಮುಂದಕ್ಕೆ ದಾಟಿಸುವ ಗ್ರಾಂಟ್ ಕಾರ್ಡ್ ಹಾಕಿ. ಬ್ಯಾಕ್‌ಪ್ಲೇನ್‌ಗಳಲ್ಲಿ ಈ ಸರಪಳಿ ಸಾಗುವ ದಾರಿ ಬೇರೆ ಬೇರೆ, ಕೆಲವದರಲ್ಲಿ ನೇರ ಕೆಳಗೆ, ಕೆಲವದರಲ್ಲಿ ಹಾವಿನಂತೆ ಅಂಕುಡೊಂಕು. ನಿಮ್ಮದು ಯಾವುದೆಂದು ಕೈಪಿಡಿಯಲ್ಲಿ ನೋಡಿಕೊಳ್ಳಿ.

ಸರಪಳಿ ಸರಿಯಾದ ಮೇಲೆ ಕೈಯಾರೆ ಒಂದು ಬ್ಲಾಕ್ ಓದಿ ನೋಡಬಹುದು. ಪ್ಯಾಕ್ ಹೊಸದಾಗಿ ಲೋಡ್ ಆಗಿ, ಮೇಲಿನ 13ರ ಸ್ಥಿತಿ ಕೇಳಿದ ಬೆನ್ನಿಗೆ 774402ಕ್ಕೆ 0, 774404ಕ್ಕೆ 0, 774406ಕ್ಕೆ 177400, ಕೊನೆಗೆ 774400ಕ್ಕೆ 14 ತುಂಬಿ. ಮತ್ತೆ 774400 ತೆರೆದಾಗ 000215 ಕಂಡರೆ ಓದಿದೆ. 104215 ಆದರೆ ಸೆಕ್ಟರ್ ಸಿಕ್ಕಿತು, ಡೇಟಾ ಹಾಳಾಗಿದೆ. 112215 ಆದರೆ ಕೇಳಿದ ಸೆಕ್ಟರೇ ಸಿಗಲಿಲ್ಲ. ಇವೆರಡಕ್ಕೂ ಹೆಡ್ ಒರೆಸಿ ಇನ್ನೊಂದು ಸಲ ನೋಡಬಹುದು. ಹೆಡ್ ಚೊಕ್ಕಟವಾಗಿದ್ದು, ಗೀರಿಲ್ಲದ ಎರಡು ಮೂರು ಪ್ಯಾಕ್‌ನಲ್ಲೂ ಅದೇ ಬಂದರೆ ತೊಂದರೆ ಡ್ರೈವ್‌ನ ಓದುವ ಸರ್ಕಿಟ್‌ನಲ್ಲಿ. ಹೆಡ್ ಅಲೈನ್‌ಮೆಂಟ್ ತಿರುಗಿಸಲು ಮಾತ್ರ ಹೋಗಬೇಡಿ.

ಇಲ್ಲಿಂದ ಮುಂದೆ ಎಕ್ಸ್‌ಎಕ್ಸ್‌ಡಿಪಿ ಪರೀಕ್ಷಾ ಪ್ರೋಗ್ರಾಮ್‌ಗಳು ಬೇಕು. ಅವು ಡಿಸ್ಕ್‌ನಲ್ಲಿರುತ್ತವೆ, ಡಿಸ್ಕೇ ಓದುತ್ತಿಲ್ಲವಲ್ಲ ಅಂದರೆ, ಎರಡನೇ ಸೀರಿಯಲ್ ಪೋರ್ಟ್‌ಗೆ ಲ್ಯಾಪ್‌ಟಾಪ್ ಜೋಡಿಸಿ ಸೀರಿಯಲ್ ಪೋರ್ಟ್‌ಗೆ ಜೋಡಿಸುತ್ತಿದ್ದ ಟಿಯು58 ಟೇಪ್ ಡ್ರೈವ್‌ನ ವೇಷ ಹಾಕಿಸಬಹುದು. ಖರ್ಚು ಒಂದು ಕೇಬಲ್‌ನದ್ದು. ನಿಧಾನ, ಆದರೆ ಡಿಸ್ಕ್ ಮುಟ್ಟದೆ ಇಡೀ ಯಂತ್ರ ಪರೀಕ್ಷಿಸಲು ಇದಕ್ಕಿಂತ ಅಗ್ಗದ ಉಪಾಯ ನನಗೆ ಗೊತ್ತಿಲ್ಲ. ಬರೆಯುವ ಪರೀಕ್ಷೆಗಳನ್ನು ಹಳೆಯ ಪ್ಯಾಕ್ ಮೇಲಷ್ಟೇ ಓಡಿಸಿ.

"ನೋ ಬೂಟ್ ಆನ್ ವಾಲ್ಯೂಮ್" ಅಂತ ಬಂತು

ಸಿಹಿ ಹಂಚಿ. ಆ ಒಂದು ಸಾಲು ಪರದೆಗೆ ಬರಬೇಕಾದರೆ ಪವರ್, ಸಿಪಿಯು, ಮೆಮೊರಿ, ಕಂಟ್ರೋಲರ್, ಕೇಬಲ್, ಡ್ರೈವ್, ಹೆಡ್ ಎಲ್ಲ ಕೆಲಸ ಮಾಡಿರಬೇಕು, ಯಾಕೆಂದರೆ ಆ ವಾಕ್ಯ ಇರುವುದೇ ಪ್ಯಾಕ್‌ನ ಮೊದಲ ಬ್ಲಾಕ್‌ನಲ್ಲಿ. ಪ್ಯಾಕ್ ಅನ್ನು ಈ ಯಂತ್ರದ ಆಪರೇಟಿಂಗ್ ಸಿಸ್ಟಂಗಳಲ್ಲಿ ಒಂದಾದ ಆರ್‌ಟಿ-11ರಲ್ಲಿ ಡೇಟಾಗೆಂದು ತಯಾರು ಮಾಡಿದ್ದಾರೆ, ಬೂಟ್ ಭಾಗ ಬರೆದಿಲ್ಲ, ಅಷ್ಟೇ. ಕೈಯಾರೆ ಓದಿದವರು ಮೆಮೊರಿಯ ಸೊನ್ನೆ ವಿಳಾಸ ತೆರೆದರೆ ಆರ್‌ಟಿ-11 ಪ್ಯಾಕ್‌ನಲ್ಲಿ 000240 ಕಾಣುತ್ತದೆ. ಅಲ್ಲಿ ಬರೀ ಸೊನ್ನೆಗಳಿದ್ದರೆ ಬೂಟ್ ಆಗುವ ಮಾತೇ ಇಲ್ಲ.

ಬೇರೆ ಪ್ಯಾಕ್‌ನಿಂದಲೋ ಸೀರಿಯಲ್ ಟೇಪ್‌ನಿಂದಲೋ ಆರ್‌ಟಿ-11 ಎಬ್ಬಿಸಿ, ಆಜ್ಞೆಗೆ ಕಾಯುವ ಅದರ ಚುಕ್ಕಿ ಬಂದ ಮೇಲೆ ರೈಟ್ ಪ್ರೊಟೆಕ್ಟ್ ಬಟನ್ ಒತ್ತಿಟ್ಟೇ ಈ ಪ್ಯಾಕ್‌ನ ಪೂರ್ತಿ ನಕಲನ್ನು ಲ್ಯಾಪ್‌ಟಾಪ್‌ಗೆ ಇಳಿಸಿಕೊಳ್ಳಿ. ಆ ನಕಲು ಹಳೆಯ ಯಂತ್ರದ ವೇಷ ಹಾಕುವ ಸಿಮ್‌ಎಚ್ ಎಮ್ಯುಲೇಟರ್‌ನಲ್ಲಿ ತೆರೆದು ಫೈಲುಗಳು ಕಾಣುತ್ತವೆಯೇ ನೋಡಿ. ಮಾನಿಟರ್ ಫೈಲ್, ಅಂದರೆ ಆರ್‌ಟಿ-11ರ ತಿರುಳು, ಪ್ಯಾಕ್‌ನಲ್ಲಿದ್ದರೆ ಆಗ ರೈಟ್ ಪ್ರೊಟೆಕ್ಟ್ ತೆಗೆದು ಕಾಪಿ/ಬೂಟ್ ಆಜ್ಞೆ ಕೊಟ್ಟು, ಮತ್ತೆ 773000 ಜಿ.